ಮೊದಲು ಗಿರಿಜಕ್ಕನ ತಲೆಗೆ

ಕೂದಲು ನೆಟ್ಟಗಾಗಿಸುವ ಹೊಸ ಕ್ರೀಮ್ ಯಾವುದೇ ಬರಲಿ, ಗಿರಿಜಕ್ಕ ಮೊದಲು ತನ್ನ ತಲೆಗೇ ಹಚ್ಚಿಕೊಳ್ಳುತ್ತಿದ್ದಳು. ಹಾಗಾಗಿ ಅವಳ ಒಂದೇ ತಲೆಯಲ್ಲಿ ಮೂರು ಬಗೆಯ ಕೂದಲು. ಕಿವಿಯ ಹಿಂದೆ ಹೋದ ತಿಂಗಳ ಡಬ್ಬಿಯದು, ಹಣೆಯ ಮೇಲೆ ಈ ವಾರದ್ದು, ಬುಡದಲ್ಲಿ ಮತ್ತೆ ಸುರುಳಿ ಸುತ್ತಿಕೊಂಡು ಏಳುತ್ತಿದ್ದ ಅವಳ ಸ್ವಂತದ್ದು. “ಉಪ್ಪು ನೋಡ್ದೆ ಸಾರು ಬಡಿಸ್ತಾರೇನಮ್ಮ ಯಾರಾದ್ರೂ?” ಎನ್ನುವಳು. ಬಂದ ಹುಡುಗಿಯರು ಆ ತಲೆಯನ್ನು ಮುಟ್ಟಿ ನೋಡಿ, ತಮಗೆ ಬೇಕಾದ್ದನ್ನು ಆರಿಸಿ, ಹಿಂದೆಮುಂದೆ ನೋಡದೆ ಕುರ್ಚಿಯಲ್ಲಿ ಕೂರುತ್ತಿದ್ದರು. ಅಷ್ಟು ನಂಬಿಕೆ ನನ್ನ ಮೇಲೆ ಯಾರಿಗೂ ಬರಲಿಲ್ಲ.

ಹಿರಿಯೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಮ್ಮಿಬ್ಬರ ಬ್ಯೂಟಿ ಪಾರ್ಲರುಗಳು ಎದುರುಬದುರು. ನನ್ನದು ಮೊದಲು ಶುರುವಾದದ್ದು. ಈ ಮಾತನ್ನು ನಾನು ಈಗಲೂ ಕೇಳಿದವರಿಗೂ ಕೇಳದವರಿಗೂ ಹೇಳುತ್ತೇನೆ. ನಾನು ಚಿತ್ರದುರ್ಗಕ್ಕೆ ಓಡಾಡಿ ಕೆಲಸ ಕಲಿತು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವಳು. ಗಿರಿಜಕ್ಕ ಧರ್ಮಪುರದ ಕಡೆಯವಳು, ಶೇಂಗಾ ಹೊಲದವರ ಮನೆಯಿಂದ ಬಂದವಳು, ಓದಿದ್ದು ಏಳನೇ ಕ್ಲಾಸು. ಎರಡೇ ವರ್ಷದಲ್ಲಿ ಅವಳ ಬಾಗಿಲ ಮುಂದೆ ಹೊಳಲ್ಕೆರೆ, ಹೊಸದುರ್ಗದಿಂದ ಬಂದವರ ಚಪ್ಪಲಿಗಳು. ನನ್ನ ಬಾಗಿಲಲ್ಲಿ ನನ್ನವೇ ಒಂದು ಜೊತೆ.

ಹೊಟ್ಟೆಕಿಚ್ಚು ಇತ್ತೇ ಎಂದು ಕೇಳಿದರೆ, ಇತ್ತು. ಬೆಳಿಗ್ಗೆ ಶಟರ್ ಎತ್ತುವಾಗ ಶುರುವಾದದ್ದು ಸಂಜೆ ಎಳೆಯುವ ತನಕ ಉರಿಯುತ್ತಿತ್ತು. ಅವಳ ಕೈಯ ಚುರುಕು ಕಂಡರೆ ಆಗುತ್ತಿರಲಿಲ್ಲ, ಅವಳ ನಗು ಕೇಳಿದರೆ ಆಗುತ್ತಿರಲಿಲ್ಲ. ನನ್ನದೋ ಹುಟ್ಟಿದಾರಭ್ಯ ನೆಟ್ಟಗಿರುವ ಕೂದಲು, ಜಡೆ ಹಾಕಿದರೆ ಇಲಿಬಾಲ. ಅವಳದು ಎರಡು ಕೈ ಸೇರಿಸಿದರೂ ಹಿಡಿಗೆ ಸಿಗದ ಗುಂಗುರು. ಅಂಥ ಕೂದಲನ್ನು ಬೇಡವೆಂದು ಇಸ್ತ್ರಿ ಮಾಡಿಕೊಳ್ಳುತ್ತಾಳಲ್ಲ ಎಂದು ಅದಕ್ಕೂ ಉರಿದುಕೊಂಡೆ.

ಆ ಗುಂಗುರಿಗೆ ಒಂದು ಕಥೆಯಿತ್ತು. ಒಮ್ಮೆ ಕರೆಂಟು ಹೋಗಿ ಇಬ್ಬರೂ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾಗ ಹೇಳಿದಳು. “ನಂಗೆ ಮೂರು ಸಂಬಂಧ ತಪ್ಪಿದ್ದು ಈ ಕೂದ್ಲಿಂದ ಕಣೆ. ಒಬ್ಬ ಬಂದೋನು ನಮ್ಮವ್ವನ ಮುಂದೇನೆ, ಹುಡ್ಗಿ ತಲೆ ಗೀಜಗನ ಗೂಡು ಇದ್ದಂಗೈತೆ ಅಂದ. ನಮ್ಮವ್ವ ಕಾಫಿ ಲೋಟ ಅವನ ಮುಂದಿಂದ ವಾಪಸ್ ತಗಂಡ್ಲು.” ಇದನ್ನು ಹೇಳಿ ಎಷ್ಟು ನಕ್ಕಳೆಂದರೆ ನನಗೂ ನಗು ಬಂತು. ಆಮೇಲೆ, “ನನ್ ಹತ್ರ ಬರೋ ಯಾವ ಹುಡ್ಗೀಗೂ ಹಂಗಾಗ್ಬಾರ್ದು” ಎಂದಳು.

ಆದ್ದರಿಂದಲೇ ಅವಳು ಬಾಗಿಲು ಹಾಕಿ ಕೆಲಸ ಮಾಡುತ್ತಿದ್ದುದು. ಹೆಣ್ಣು ನೋಡಲು ಬರುವ ವಾರ ಸ್ಟ್ರೇಟನಿಂಗ್ ಮಾಡಿಸಿಕೊಳ್ಳುವ ಹುಡುಗಿಯ ವಿಷಯ ಗಂಡಿನ ಕಡೆಯವರ ಕಿವಿಗೆ ಬೀಳಬಾರದು. ಎದುರಿನ ಟೀ ಅಂಗಡಿಯಲ್ಲಿ ಕೂತವರಲ್ಲಿ ಯಾರ ನೆಂಟರು ಯಾರೋ. ಹಾಗೆಂದು ಕಿಟಕಿಯ ಗಾಜಿಗೆಲ್ಲ ಹಳೆಯ ಪೇಪರ್ ಅಂಟಿಸಿ, ಚಿಲಕ ಹಾಕಿ, ಕೂದಲು ಹಾರದಿರಲೆಂದು ಫ್ಯಾನನ್ನೂ ನಿಲ್ಲಿಸಿಬಿಡುವಳು. ಕ್ರೀಮ್ ಹಚ್ಚಿದ ಕೂದಲಿಗೆ ಬಿಸಿ ಮಶೀನು ಎಳೆದಾಗ ಏಳುವ ಹೊಗೆ ಆ ಪುಟ್ಟ ಕೋಣೆಯಲ್ಲೇ ಸುತ್ತುತ್ತಿತ್ತು. ಹುಡುಗಿಯ ಮೂಗಿಗೆ ಒದ್ದೆ ಕರ್ಚೀಫು ಕೊಡುತ್ತಿದ್ದಳು. ತನಗೆ ಏನೂ ಇಲ್ಲ, ಎರಡು ಕೈಗೂ ಕೆಲಸವಿರುತ್ತಿತ್ತಲ್ಲ.

ಒಂದು ದಿನ ಹೊಸ ಡಬ್ಬಿ ಹಿಡಿದು ನನ್ನಲ್ಲಿಗೆ ಬಂದಳು. ಅದರ ಮೇಲೆ ಇದ್ದದ್ದೆಲ್ಲ ಸಣ್ಣ ಅಕ್ಷರದ ಇಂಗ್ಲಿಷು. “ಪಿಯುಸಿ ಓದಿದೀಯಲ್ಲ ಸವಿತಾ, ಇದರಾಗೆ ಏನೇನ್ ಬರ್ದೈತೆ ನೋಡಮ್ಮ” ಎಂದಳು. ತೆರೆದ ಬಾಗಿಲಿನಿಂದ ಅವಳ ಕುರ್ಚಿ ಕಾಣುತ್ತಿತ್ತು. ಅಲ್ಲಿ ಕೂತಿದ್ದವಳು ರಶ್ಮಿ, ಮೇಷ್ಟ್ರ ಮಗಳು. ಹತ್ತನೇ ಕ್ಲಾಸಿನಿಂದ ಅವಳ ಹುಬ್ಬು ತಿದ್ದುತ್ತಾ ಬಂದವಳು ನಾನು.

ನಾನು ಓದಿದೆ. ಎಷ್ಟು ಹೊತ್ತು ಬಿಡಬೇಕು, ಎಷ್ಟು ಬಿಸಿ ಇರಬೇಕು, ಎಷ್ಟು ದಿನ ನೀರು ತಾಗಿಸಬಾರದು ಎಲ್ಲ ಹೇಳಿದೆ. ಅದರ ಕೆಳಗೆ ಇನ್ನೊಂದು ಸಾಲಿತ್ತು. ಗಾಳಿ ಧಾರಾಳವಾಗಿ ಆಡುವ ಕಡೆಯಷ್ಟೇ ಬಳಸಬೇಕು, ಹೊಗೆಯನ್ನು ಉಸಿರಾಡಿದರೆ ಅಪಾಯ ಎಂದು. ಅದನ್ನು ಕಣ್ಣಲ್ಲಿ ಓದಿ ಬಾಯಲ್ಲಿ ಓದಲಿಲ್ಲ. ಒಂದಿಬ್ಬರು ಕೆಮ್ಮಲಿ, ಕಣ್ಣುರಿ ಅನ್ನಲಿ, ಆಗ ನನ್ನ ಕಡೆ ಬರುತ್ತಾರೆ ಎಂದುಕೊಂಡೆ. “ಇಷ್ಟೇ ಅಕ್ಕ” ಎಂದು ಡಬ್ಬಿ ವಾಪಸ್ ಕೊಟ್ಟೆ. ಅವಳು ಹೋಗಿ ಚಿಲಕ ಹಾಕಿಕೊಂಡಳು.

ಕೆಮ್ಮಿದ್ದು ಹುಡುಗಿಯರಲ್ಲ, ಗಿರಿಜಕ್ಕ. ಮೊದಮೊದಲು “ಧೂಳು ಕಣೆ, ಹೈವೇ ಪಕ್ಕ ಅಲ್ವೇನು” ಎನ್ನುತ್ತಿದ್ದಳು. ಆಮೇಲೆ ರಸ್ತೆ ದಾಟಿ ನನ್ನಲ್ಲಿಗೆ ಬರುವಷ್ಟರಲ್ಲಿ ಏದುಸಿರು. ಹೇಳಿಬಿಡೋಣ ಎಂದು ಎಷ್ಟೋ ಸಲ ಎದ್ದೆ. ಏಳುವ ಹೊತ್ತಿಗೆ ಅವಳ ಬಾಗಿಲಲ್ಲಿ ಚಿತ್ರದುರ್ಗದ ಕಡೆಯ ಕಾರೊಂದು ನಿಲ್ಲುತ್ತಿತ್ತು. ಮತ್ತೆ ಕೂರುತ್ತಿದ್ದೆ. ಒಂದೂವರೆ ವರ್ಷ ಹೀಗೇ ಕೂತೆ.

ಕೊನೆಗೆ ಚಿತ್ರದುರ್ಗದ ಡಾಕ್ಟರ ಹತ್ತಿರ ಅವಳನ್ನು ಕರೆದುಕೊಂಡು ಹೋದವಳೂ ನಾನೇ. ಡಾಕ್ಟರಮ್ಮ ಏನು ಕೆಲಸ ಎಂದು ಕೇಳಿ, ತಲೆ ನೋಡಿ, ಬೈದರು. “ಶ್ವಾಸಕೋಶ ಕೆಟ್ಟೈತೆ. ಆ ಹೊಗೆ ಕಡೆ ಇನ್ನು ತಲೆ ಹಾಕ್ಬೇಡ್ರಿ. ಇಂಥವನ್ನ ವರ್ಷಗಟ್ಲೆ ತಲೆಗೆ ಹಚ್ಕಂಡೋರಿಗೆ ಗರ್ಭಕೋಶದ ಕಾಯಿಲೆನೂ ಬರಬೋದು ಅಂತಾರೆ. ಖಚಿತವಾಗಿ ಹೇಳಕ್ಕಾಗಲ್ಲ, ಆದ್ರೂ ಅದನ್ನೂ ತೋರಿಸ್ಕಳ್ರಿ.” ಹೊರಗೆ ಬಂದು ಬೆಂಚಿನ ಮೇಲೆ ಕೂತ ಗಿರಿಜಕ್ಕ, “ನಾಳೆ ಬಬ್ಬೂರಿನ ಹುಡ್ಗಿ ಬರ್ತೀನಂದಿದ್ಲು, ಏನಂತ ಹೇಳ್ಲಿ” ಎಂದಳು.

ಆ ತಿಂಗಳೇ ಪಾರ್ಲರ್ ಮುಚ್ಚಿ ಧರ್ಮಪುರಕ್ಕೆ ತಾಯಿಯ ಮನೆಗೆ ಹೋದಳು. ಹೋಗುವ ಮುಂಚೆ ತನ್ನವರಿಗೆಲ್ಲ ಫೋನ್ ಮಾಡಿ, “ಸವಿತನ್ ಹತ್ರ ಹೋಗ್ರಮ್ಮ, ಒಳ್ಳೇಳು” ಎಂದು ಹೇಳಿದ್ದಳಂತೆ. ನನ್ನ ಬಾಗಿಲಲ್ಲಿ ಚಪ್ಪಲಿಗಳು ಶುರುವಾದವು. ಬಂದವರೆಲ್ಲ ಕೂರುವ ಮೊದಲೇ “ಗಿರಿಜಕ್ಕ ಯಾವಾಗ ಬರ್ತಾರೆ?” ಎಂದು ಕೇಳುತ್ತಿದ್ದರು.

ಆರು ತಿಂಗಳಾದ ಮೇಲೆ ಧರ್ಮಪುರದ ಬಸ್ಸು ಹತ್ತಿದೆ. ಗಿರಿಜಕ್ಕ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದಳು. ತಲೆಯ ತುಂಬ ಹೊಸ ಗುಂಗುರು, ಕಪ್ಪಗೆ, ದಟ್ಟವಾಗಿ. ಆ ಸ್ಥಿತಿಯಲ್ಲೂ ಅದನ್ನು ಕಂಡು ನನ್ನ ಕೈ ನನ್ನ ಇಲಿಬಾಲದ ಜಡೆಗೆ ಹೋಯಿತು. ಶೇಂಗಾ ಸುಲಿಯುತ್ತಿದ್ದ ಅವಳ ತಾಯಿ, “ಡಬ್ಬಿಯಾಗೆ ಇಂಥ ವಿಷ ಐತೆ ಅಂತ ಯಾರಿಗ್ ಗೊತ್ತಿತ್ತಮ್ಮ” ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ನಾನು ಬಾಯಿಬಿಟ್ಟೆ. “ನಂಗೊತ್ತಿತ್ತು” ಎಂದೆ. ಎಲ್ಲ ಹೇಳಿದೆ. ರಶ್ಮಿಯನ್ನು ನೋಡಿ ಉರಿದುಕೊಂಡದ್ದನ್ನೂ ಬಿಡಲಿಲ್ಲ.

ಬಯ್ಯುತ್ತಾಳೆ ಎಂದುಕೊಂಡೆ. ಬಯ್ಯಲು ಉಸಿರಾದರೂ ಬೇಕಲ್ಲ. ನಿಲ್ಲಿಸಿ ನಿಲ್ಲಿಸಿ ಮಾತಾಡಿದಳು. “ಗೊತ್ತಿದ್ರೂ ನಾನು ಹಚ್ಕಳದು ಬಿಡ್ತಿದ್ನೋ ಇಲ್ವೋ. ನನ್ ತಲೆ, ನನ್ ಇಷ್ಟ. ಆ ಹುಡ್ಗೀರು ನನ್ನ ನಂಬಿ ಕುಂತಿದ್ರು ಕಣೆ. ಚಿಲಕ ಹಾಕಿ ಎಲ್ರಿಗೂ ಹೊಗೆ ಕುಡಿಸ್ಬಿಟ್ನಲ್ಲ. ಒಬ್ಬೊಬ್ರಿಗೂ ಹೋಗಿ ಹೇಳು, ಇನ್ಮೇಲೆ ಬೇಡ ಅಂತ. ನೀನೇ ಹೇಳ್ಬೇಕು.” ಆಮೇಲೆ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಊಟಕ್ಕೆ ಏಳು ಎನ್ನಲಿಲ್ಲ. ಅದಾದ ಮೇಲೆ ನಾನು ಅವಳನ್ನು ನೋಡಿಲ್ಲ, ಅವಳು ನನ್ನ ಫೋನೂ ಎತ್ತುವುದಿಲ್ಲ.

ಈಗ ಹೇಳುತ್ತಾ ಬಂದಿದ್ದೇನೆ. ಸ್ಟ್ರೇಟನಿಂಗ್ ಕೇಳಿಕೊಂಡು ಬಂದವರಿಗೆ, ದಾರಿಯಲ್ಲಿ ಸಿಕ್ಕವರಿಗೆ, ಮನೆ ಹುಡುಕಿಕೊಂಡು ಹೋಗಿ ಕೂಡ. ಮೊನ್ನೆ ರಶ್ಮಿಗೂ ಹೇಳಿದೆ. ಮುಂದಿನ ತಿಂಗಳು ಅವಳ ಮದುವೆ. ಕೇಳಿ ಮುಗಿಸಿ ಬ್ಯಾಗು ತೆಗೆದುಕೊಂಡು ಎದ್ದಳು. “ಗಿರಿಜಕ್ಕ ಊರು ಬಿಟ್ಟು ಹೋದ್ರೂ ನಿಮ್ ಹೊಟ್ಟೆಕಿಚ್ಚು ಹೋಗ್ಲಿಲ್ವಲ್ಲ ಆಂಟಿ” ಎಂದಳು. ಸ್ಟ್ರೇಟನಿಂಗ್ ಚಿತ್ರದುರ್ಗದಲ್ಲಿ ಮಾಡಿಸಿಕೊಳ್ಳುತ್ತಾಳಂತೆ. ಅವಳು ಬಸ್ ನಿಲ್ದಾಣದ ಕಡೆ ನಡೆದಳು.