ಸಾರಿಸಿದ ಒಲೆ

ನಲವತ್ತರ ದಶಕದ ಮೊದಲ ವರ್ಷಗಳು. ನಾನು ಶಿಗ್ಗಾಂವ ಮಾಮಲೇದಾರರ, ಈಗಿನ ಮಾತಿನಲ್ಲಿ ತಹಶೀಲ್ದಾರರ, ಕಚೇರಿಯಲ್ಲಿ ಕಾರಕೂನ. ಅಂದರೆ ಸಾಹೇಬರ ಹಿಂದೆ ದಫ್ತರ ಹೊತ್ತು ತಿರುಗುವ ಗುಮಾಸ್ತ. ಹಿರೇಬೆಂಡಿಗೇರಿ ಕಡೆಯ ಒಂದು ಹಳ್ಳಿಯಲ್ಲಿ ಕೆರೆ ಒಡೆದು, ತಗ್ಗಿನ ಓಣಿಯ ಗೋಡೆಗಳೆಲ್ಲ ಬಿರುಕು ಬಿಟ್ಟಿದ್ದವು. ಸರಕಾರ ದಿನ್ನೆಯ ಮೇಲೆ ಮನೆಗೆ ಜಾಗ ಕೊಡುತ್ತಿತ್ತು. ಯಾರಿಗೆ? ತಲೆ ಎಣಿಸಿ ಅಲ್ಲ, ಒಲೆ ಎಣಿಸಿ. ಒಂದು ಒಲೆ ಅಂದರೆ ಒಂದು ಕುಟುಂಬ, ಒಂದು ಜಾಗ. ಆಸೆಗೆ ಬಿದ್ದು ಜನ ರಾತ್ರೋರಾತ್ರಿ ಹೊಸ ಒಲೆ ಹೂಡಿಯಾರೆಂದು ಇನ್ನೊಂದು ಷರತ್ತು: ಒಲೆ ಹಳೆಯದಿರಬೇಕು, ಅದಕ್ಕೆ ಮಸಿಯೇ ಸಾಕ್ಷಿ.

ಗಂಗವ್ವ ವಿಧವೆ. ಮೈದುನ ಬಸಪ್ಪನ ಕೊಟ್ಟಿಗೆಯಲ್ಲಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ಇದ್ದಳು. ಅಡುಗೆ ಅಲ್ಲೇ, ಬೇರೆ. ಓಣಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಮನೆತನ ಒಡೆದು ಎರಡಾಗಿದೆ ಎಂದು ಊರ ಮುಂದೆ ಒಪ್ಪಿಕೊಳ್ಳಲು ಬಸಪ್ಪನಿಗೆ ಮರ್ಯಾದೆ ಅಡ್ಡ ಬಂತು.

ಮಾಮಲೇದಾರರು ಪಂಚರೊಂದಿಗೆ ಬಂದಾಗ ಅವನೇ ಮುಂದೆ ನಿಂತ.

"ನಮ್ದು ಒಂದ ಒಲಿರಿ, ಸಾಹೇಬ್ರ."

"ಯಪ್ಪಾ ಬಸಪ್ಪಾ, ನಿನ್ನ ಒಲಿಮ್ಯಾಗಿನ ರೊಟ್ಟಿ ನಾ ಯಾವಾಗ ತಿಂದೇನಿ?" ಗಂಗವ್ವ ಕೊಟ್ಟಿಗೆಯಿಂದಲೇ ಕೂಗಿದಳು. "ಬರ್ರಿ ಸಾಹೇಬ್ರ, ನೀವ ನೋಡ್ರಿ."

ಒಳಗೆ ಹೋದೆವು. ಒಲೆ, ಹಿಂದಿನ ಗೋಡೆ, ಎಲ್ಲ ಸಗಣಿ ಕೆಮ್ಮಣ್ಣಿನಿಂದ ಸಾರಿಸಿ ಲಕಲಕ. ಮೇಲೆ ರಂಗೋಲಿ ಎಳೆ. ಗಡಿಗೆಯ ತಳವನ್ನೂ ತಿಕ್ಕಿಟ್ಟಿದ್ದಳು. ಮಸಿ ಎಂಬುದೇ ಇಲ್ಲ.

"ಇದು ನಿನ್ನೆ ಹೂಡಿದ ಒಲಿ," ಅಂದರು ಸಾಹೇಬರು.

"ಅಯ್ಯ ಶಿವನ! ದೊಡ್ಡವರು ಬರ್ತಾರಂತ ಸಾರಿಸೇನ್ರಿ!"

ಕುಡಗೋಲು ತಂದು ಒಲೆ ಕೆರೆದಳು. ಒಳಗಿನಿಂದ ಕರಿ ಉದುರಿತು. ಬಸಪ್ಪ ತಡಮಾಡಲಿಲ್ಲ.

"ನಮ್ಮ ಹಳೇ ಒಲಿ ಒಡದಿದ್ವಲ್ರಿ, ಅದರ ಕಲ್ಲ ಅವು."

ಪಂಚರು ಹೌದೆಂದು ತಲೆ ಆಡಿಸಿದರು. ಅವನ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ತಿನ್ನುವ ಮಂದಿ. "ಕರಿ ಭಾಳ ಹಳೇದ ಕಾಣ್ತೈತ್ರಿ," ಅಂದೆ. "ಯಜಮಾನನ ಮಾತು, ಪಂಚರ ಮಾತು ಒಂದ ಐತಿ. ನಾನೇನ ಮಾಡ್ಲಿ?" ಎನ್ನುತ್ತ ಸಾಹೇಬರು ಹೊಸ್ತಿಲು ದಾಟಿದರು.

ಗಂಗವ್ವ ನನ್ನನ್ನೇ ನೋಡಿದಳು. "ಹೊಲಸ ಇಟ್ಟಿದ್ರ ಜಾಗಾ ಕೊಡ್ತಿದ್ರೇನ್ರಿ?"

ಹೌದು ಎಂಬುದೇ ನಿಜವಾದ ಉತ್ತರ. ದಫ್ತರ ಎತ್ತಿಕೊಂಡು ಸಾಹೇಬರ ಹಿಂದೆ ಹೊರಟೆ.

ಹಿಂದೆಯೇ ಬಸಪ್ಪನ ದನಿ: "ಊರ ಮುಂದ ಬ್ಯಾರೆ ಅಂದಿಯಲ್ಲ? ಇನ್ನ ಕೊಟಗಿನೂ ಬಿಡು." ಸರಕಾರದ ಪಾಲಿಗೆ ಅವಳು ಆ ಮನೆಯ ಒಳಗೆ, ಮನೆಯವರ ಪಾಲಿಗೆ ಹೊರಗೆ.

ನೌಕರಿ ನನಗೆ ಕಲಿಸಿದ್ದು ಇಷ್ಟೇ: ಬಡವರನ್ನು ಅಳೆಯುವ ಕೋಲು ಯಾವುದೆಂದು ಬಡವರಿಗೆ ಮೊದಲೇ ಹೇಳಬೇಕು. ಮುಂದೆ ಹಾನಗಲ್ಲಿಗೆ, ಹಿರೇಕೆರೂರಿಗೆ ವರ್ಗವಾಯಿತು. ಎಲ್ಲೇ ತಪಾಸಣೆ ಇರಲಿ, ಓಣಿಯ ಹೆಂಗಸರಿಗೆ ಮುಂಚೆಯೇ ಹೇಳಿ ಕಳಿಸುತ್ತಿದ್ದೆ:

"ಸಾಹೇಬ್ರು ಬರಾಕತ್ತಾರ, ಒಲಿ ಸಾರಿಸಬ್ಯಾಡ್ರಿ."