ಹೌದು, ನನ್ನ ತಮ್ಮನಿಗೆ ಕರೆಂಟ್ ಕೊಟ್ಟಿದ್ದಾರೆ

ನನ್ನ ತಮ್ಮ ಬೊರಿವಲಿಯ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದ. ಒಂದು ಬೆಳಿಗ್ಗೆ, ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ, ದೋಸೆ ಎಬ್ಬಿಸುವ ಕಬ್ಬಿಣದ ಸಟ್ಟುಗವನ್ನೆತ್ತಿ ಪಕ್ಕದಲ್ಲಿ ಇಡ್ಲಿ ತೆಗೆಯುತ್ತಿದ್ದ ಜೊತೆಗಾರನ ಮುಖಕ್ಕೆ ಹೊಡೆದ. ಆ ಮನುಷ್ಯನ ಒಂದು ಕಣ್ಣು ಹೋಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ತಮ್ಮನ ಪರವಾಗಿ ನಾನು ಏನೇ ಹೇಳಿದರೂ ಆ ಕಣ್ಣನ್ನು ಮರೆತು ಹೇಳುತ್ತಿಲ್ಲ.

ಅದಕ್ಕೂ ಕೆಲವು ತಿಂಗಳ ಮೊದಲೇ ಅವನ ಮಾತು ಬದಲಾಗಿತ್ತು. ಹೋಟೆಲಿನ ನೀರಿನ ಟಾಂಕಿಗೆ ಯಾರೋ ವಿಷ ಬೆರೆಸುತ್ತಿದ್ದಾರೆ ಎನ್ನುತ್ತಿದ್ದ. ಆ ಜೊತೆಗಾರ ತನ್ನ ಯೋಚನೆಗಳನ್ನೆಲ್ಲ ಮೊಬೈಲಿನಲ್ಲಿ ಕೇಳಿಸಿಕೊಳ್ಳುತ್ತಾನೆ ಎನ್ನುತ್ತಿದ್ದ. ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಸ್ವಲ್ಪ ದಿನ ಮಾತ್ರೆ ನುಂಗಿದ, ಆಮೇಲೆ ಅದರಲ್ಲೂ ವಿಷ ಕಂಡಿತು, ಬಿಟ್ಟ.

ಹೊಡೆದ ಮೇಲೆ ಅವನನ್ನು ಹಿಡಿದು ಜೈಲಿಗೆ ಹಾಕಿದರು. ಅಲ್ಲಿ ಮೊದಮೊದಲು ನನ್ನೊಡನೆ ಎರಡು ಮಾತಾದರೂ ಆಡುತ್ತಿದ್ದ. ಬರಬರುತ್ತ ಅದೂ ನಿಂತಿತು. ಒಂದು ದಿನ ಇಬ್ಬರು ಅವನನ್ನು ಹಿಡಿದು ತಂದು ನನ್ನ ಮುಂದೆ ನಿಲ್ಲಿಸಿದರು. ನಿಲ್ಲಿಸಿದ ಕಡೆಯೇ ಗೂಟದ ಹಾಗೆ ನಿಂತ. ಕೆನ್ನೆ ಒಳಗೆ ಹೋಗಿತ್ತು, ತುಟಿ ಒಡೆದಿತ್ತು. ಅವನ ಕೈಯನ್ನು ಮೇಲೆತ್ತಿ ಬಿಟ್ಟರೆ ಅದು ಹಾಗೇ ಗಾಳಿಯಲ್ಲಿ ನಿಲ್ಲುತ್ತದೆ ಎಂದು ಕಾವಲಿನವನೊಬ್ಬ ನಗುತ್ತ ಮಾಡಿ ತೋರಿಸಿದ.

“ನಾಟಕ” ಎಂದ ಅವನು ಹಿಂದಿಯಲ್ಲಿ. “ದೊಡ್ಡ ಕೇಸಿನವರು ಎಲ್ಲ ಹೀಗೇ ಮಾಡ್ತಾರೆ ದೀದಿ.”

“ಉಟ್ಟ ಬಟ್ಟೆಯಲ್ಲೇ ಉಚ್ಚೆ ಹೊಯ್ದುಕೊಂಡು, ಅನ್ನ ನೀರು ಬಿಟ್ಟು ನಿಲ್ಲುವ ನಾಟಕ” ಎಂದೆ. “ನೀವೂ ಒಂದು ದಿನ ಆಡಿ ತೋರಿಸಿ. ನಾನು ಬಂದು ನೋಡ್ತೇನೆ.”

ಅವನ ನಗು ನಿಂತಿತು. ಅದರಿಂದ ಏನೂ ಆಗಲಿಲ್ಲ, ನಿಜ. ಆದರೆ ನಾನು ಸುಮ್ಮನಿರುವವಳಲ್ಲ ಎಂಬ ಸುದ್ದಿ ಅಲ್ಲಿ ಹಬ್ಬಿತು. ಭಾಂಡುಪ್‌ನ ಔಷಧ ಕಂಪನಿಯಲ್ಲಿ ಡಬ್ಬಿಗೆ ಮಾತ್ರೆ ತುಂಬುವ ಕೆಲಸ ನನ್ನದು. ರಜೆ ಹಾಕಿ ಹಾಕಿ ವಕೀಲರ ಹಿಂದೆ ಬಿದ್ದೆ. ಕೊನೆಗೆ ಕೋರ್ಟು ಅವನನ್ನು ಮಾನಸಿಕ ಆಸ್ಪತ್ರೆಗೆ ಕಳಿಸಲು ಹೇಳಿತು.

ಅಲ್ಲಿನ ಡಾಕ್ಟರು ನನ್ನದೇ ವಯಸ್ಸಿನ ಮರಾಠಿ ಹೆಂಗಸು. ಮೊದಲು ಇಂಜೆಕ್ಷನ್ ಕೊಟ್ಟು ನೋಡಿದರು. ತಮ್ಮ ಸ್ವಲ್ಪ ಹೊತ್ತು ಕಣ್ಣು ಹೊರಳಿಸಿದ, ಮತ್ತೆ ಕಲ್ಲಾದ. ಮೂಗಿಗೆ ನಳಿಗೆ ಹಾಕಿ ಗಂಜಿನೀರು ಬಿಡಬೇಕಾಯಿತು. ಆಗ ಡಾಕ್ಟರು ನನ್ನನ್ನು ಕೂರಿಸಿ ಕರೆಂಟ್ ಚಿಕಿತ್ಸೆಯ ವಿಷಯ ಎತ್ತಿದರು.

ನನಗೆ ಗೊತ್ತಿದ್ದದ್ದು ಸಿನಿಮಾದಲ್ಲಿ ಕಂಡದ್ದು ಮಾತ್ರ. ಕಟ್ಟಿಹಾಕಿದ ಮನುಷ್ಯ, ಕಿರುಚಾಟ. “ಇದು ಶಿಕ್ಷೆಯಾ?” ಎಂದು ಕೇಳಿದೆ.

“ಶಿಕ್ಷೆ ಕೊಡುವುದು ಕೋರ್ಟಿನ ಕೆಲಸ” ಎಂದರು ಅವರು. “ನಿಮ್ಮ ತಮ್ಮ ಹೀಗೇ ಇದ್ದರೆ ಬದುಕುವುದು ಕಷ್ಟ. ಅರಿವಳಿಕೆ ಕೊಟ್ಟು, ಮೈ ಸಡಿಲ ಆಗುವ ಔಷಧ ಕೊಟ್ಟೇ ಮಾಡುತ್ತೇವೆ. ಹಾಗಲ್ಲದೆ ಮಾಡುವುದನ್ನು ಕಾನೂನೂ ಬಿಡುವುದಿಲ್ಲ. ಆಮೇಲೆ ತಲೆನೋವು ಬರುತ್ತದೆ. ಕೆಲವು ನೆನಪು ಹೋಗಬಹುದು, ಒಂದೊಂದು ವಾಪಸು ಬಾರದೆಯೂ ಇರಬಹುದು.”

ಕರೆಂಟ್ ಕೊಡುವ ಕೋಣೆ ನೋಡಬೇಕು ಎಂದೆ. ಕರೆದುಕೊಂಡು ಹೋಗಿ ತೋರಿಸಿದರು. ಒಂದು ಮಂಚ, ಆಕ್ಸಿಜನ್, ಮೇಜಿನ ಮೇಲೆ ಹಳೆಯ ಟೇಪ್‌ರೆಕಾರ್ಡರಿನಷ್ಟು ದೊಡ್ಡ ಯಂತ್ರ. ನೆನಪು ಹೋಗಬಹುದು ಎಂದು ಅವರು ತಾವಾಗಿಯೇ ಹೇಳಿದ್ದರಿಂದ ನನಗೆ ಅವರ ಮೇಲೆ ನಂಬಿಕೆ ಬಂತು.

ಬೇರೆ ಯಾರಿಗೂ ಇದು ಬೇಕಿರಲಿಲ್ಲ. ವಕೀಲರು ಹೇಳಿದರು, “ಗುಣವಾದರೆ ವಿಚಾರಣೆ ಶುರುವಾಗುತ್ತದೆ ನೋಡಿ. ಹೀಗೇ ಇದ್ದರೆ ಕೇಸು ನಿಂತಲ್ಲೇ ನಿಂತಿರುತ್ತದೆ.” ಕೇಸು ನಿಂತಿರುತ್ತದೆ, ನನ್ನ ತಮ್ಮನ ಉಸಿರು ನಿಂತರೆ ಎಂದು ಕೇಳಿದೆ. ಸೋದರಮಾವ ವಡಾಲದಿಂದ ಮನೆಗೇ ಬಂದ. ಅಪ್ಪ ಅಮ್ಮ ಇಲ್ಲದ ನಮಗೆ ಅವನೇ ಹಿರಿಯ.

“ಎಂತ ಮಾಡ್ಲಿಕ್ಕೆ ಹೊರಟಿದ್ದಿ ಮಾರಾಯ್ತಿ” ಎಂದ. “ಕರೆಂಟ್ ಕೊಟ್ಟವನ ಮನೆ ಅಂತ ಹೆಸರು ಬಂದ್ರೆ ನಾಳೆ ನಿನ್ನ ಮಗಳನ್ನು ಯಾರು ಕೇಳ್ತಾರೆ?”

“ಕೇಳದವರು ಕೇಳುದು ಬೇಡ ಮಾವ. ಅಂಥ ಮನೆ ನನ್ನ ಮಗಳಿಗೂ ಬೇಡ.”

ಕಾಫಿ ಮುಟ್ಟದೆ ಎದ್ದುಹೋದ.

“ಕೈದಿ ನಮ್ಮವನು, ನಮ್ಮ ಸಹಿ ಸಾಕು” ಎಂದು ಜೈಲಿನ ಅಧಿಕಾರಿಯೊಬ್ಬ ಆಸ್ಪತ್ರೆಯಲ್ಲಿ ವಾದ ಮಾಡಿದ. ಕೈದಿಯಾದರೂ ಅವನು ಮೊದಲು ರೋಗಿ, ಅವನ ಪರವಾಗಿ ಒಪ್ಪಬೇಕಾದವಳು ಅಕ್ಕ ಎಂದು ಡಾಕ್ಟರು ಹೇಳಿದರು. ನಾನು ಸಹಿ ಮಾಡಿದೆ.

ಮೊದಲ ದಿನ ಅವನನ್ನು ಒಳಗೆ ಕರೆದೊಯ್ಯುವಾಗ ಒಂದು ಕೈಯ ಬೇಡಿಯನ್ನು ಮಂಚದ ಸರಳಿಗೆ ಸಿಕ್ಕಿಸಿದ್ದರು. ತೆಗೆಯಿರಿ ಎಂದೆ. ನಿಯಮ ಎಂದ ಪೊಲೀಸಿನವ.

“ಅರಿವಳಿಕೆ ಕೊಟ್ಟ ಮನುಷ್ಯ ಎಲ್ಲಿಗೆ ಓಡ್ತಾನೆ? ಇದನ್ನು ತೆಗೆಯದೆ ಮಂಚ ಮುಂದೆ ಹೋಗುದಿಲ್ಲ.” ಮಂಚದ ಮುಂದೆಯೇ ನಿಂತೆ. ಬೇಡಿ ಹಾಕಿದವನಿಗೆ ತಾವೂ ಚಿಕಿತ್ಸೆ ಕೊಡುವುದಿಲ್ಲ ಎಂದರು ಡಾಕ್ಟರು. ಪೊಲೀಸಿನವ ಬೀಗದಕೈ ತೆಗೆದ, ಗೊಣಗುತ್ತಲೇ.

ಬಾಗಿಲ ಹೊರಗೆ ಕುಳಿತೆ. ಕಿರುಚಾಟ ಕೇಳಬಹುದೆಂದು ಕಿವಿಯೆಲ್ಲ ಒಳಗಿತ್ತು. ಏನೂ ಕೇಳಲಿಲ್ಲ. ಮಂಚ ಹೊರಗೆ ಬಂದಾಗ ಅವನು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ, ಯಂತ್ರದ ತಂತಿ ಹಚ್ಚಿದ್ದ ಹಣೆಯ ಎರಡೂ ಬದಿ ಒದ್ದೆಯಾಗಿತ್ತು. ಸೆರಗಿನಿಂದ ಒರೆಸಿದೆ.

ಕೆಲವು ಸಲ ಕರೆಂಟ್ ಕೊಟ್ಟ ಮೇಲೆ ಒಂದು ಮಧ್ಯಾಹ್ನ ನಾನು ಗಂಜಿ ತಿನ್ನಿಸುತ್ತಿದ್ದೆ. ಅಷ್ಟರಲ್ಲಾಗಲೇ ಬಾಯಿಗಿಟ್ಟದ್ದನ್ನು ನುಂಗುತ್ತಿದ್ದ. ಅಂದು ಚಮಚವನ್ನು ನನ್ನ ಕೈಯಿಂದ ತೆಗೆದುಕೊಂಡ.

“ಉಪ್ಪು ಕಮ್ಮಿ ಉಂಟು” ಎಂದ.

ನಾನು ಎದ್ದು ಹೋಗಿ ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು ಬಂದೆ.

ಸ್ವಲ್ಪ ದಿನದಲ್ಲಿ ಹೊಡೆಸಿಕೊಂಡವನ ಬಗ್ಗೆ ಕೇಳಿದ. ಕಣ್ಣು ಹೋದ ಸಂಗತಿ ಹೇಳಿದೆ. ಗೋಡೆಯ ಕಡೆ ತಿರುಗಿ ಮಲಗಿದವನು ಆ ದಿನ ಮತ್ತೆ ಮಾತಾಡಲಿಲ್ಲ. ಈ ಮೌನ ಹಿಂದಿನದಲ್ಲ ಎಂದು ನನಗೆ ಗೊತ್ತಾಗುತ್ತಿತ್ತು.

ಇನ್ನೂ ಒಂದೆರಡು ಸಲ ಕೊಡಬೇಕೆಂದು ಡಾಕ್ಟರ ಅಭಿಪ್ರಾಯ, ರೋಗ ಮರುಕಳಿಸದಿರಲಿ ಎಂದು. ನನಗೂ ಹಾಗೇ ಅನ್ನಿಸಿತ್ತು. ತಮ್ಮ ಬೇಡ ಎಂದ.

“ಸಾಕು ಅಕ್ಕ. ತಲೆ ಸಿಡೀತದೆ. ನಿನ್ನ ಹೊಸ ರೂಮಿಗೆ ಬಣ್ಣ ಹೊಡೆದದ್ದು ನಾನೇ ಅಂತ ನೀನು ಹೇಳ್ತಿ. ಎಂತ ಬಣ್ಣ ಅಂತ ನನಗೆ ಗೊತ್ತಿಲ್ಲ. ಇನ್ನೂ ನೆನಪು ಹೋಗುದು ಬೇಡ.”

ಕಾವಲಿಗೆ ಬಂದಿದ್ದ ಪೊಲೀಸಿನವ ನಕ್ಕ. “ಹುಚ್ಚನನ್ನು ಕೇಳಿ ಚಿಕಿತ್ಸೆ ಕೊಡ್ತಾರಾ? ನೀವೇ ಸಹಿ ಮಾಡಿ ದೀದಿ, ಮೊದಲೂ ನೀವೇ ಮಾಡಿದ್ದಲ್ಲವಾ?”

“ಆಗ ಅವನಿಗೆ ಮಾತು ಬರ್ತಿರಲಿಲ್ಲ. ಈಗ ಬರ್ತದೆ.”

ನನ್ನ ಹೆದರಿಕೆ ನನಗೇ ಗೊತ್ತು. ಮತ್ತೆ ಗೂಟವಾಗಿ ನಿಂತರೆ ಏನು ಗತಿ? ಆದರೂ ಅವನ ಬಾಯಿ ಬಿಡಿಸಲು ಅಷ್ಟೆಲ್ಲ ಹೊಡೆದಾಡಿದವಳು, ಅದರಿಂದ ಬಂದ ಮಾತು ನನಗೆ ಹಿಡಿಸಲಿಲ್ಲವೆಂದು ಅದನ್ನೇ ಮುಚ್ಚಲು ಹೇಗೆ ಸಹಿ ಮಾಡಲಿ? ಡಾಕ್ಟರು ಅವನ ಎದುರು ಸ್ಟೂಲ್ ಎಳೆದು ಕುಳಿತು, ಬಿಟ್ಟರೆ ಏನಾಗಬಹುದೆಂದು ಬಿಡಿಸಿ ಹೇಳಿದರು. ಅದನ್ನೇ ಅವನ ಬಾಯಿಂದಲೂ ಹೇಳಿಸಿದರು. ಅವನು ಸರಿಯಾಗಿ ಹೇಳಿದ, ಕೊನೆಗೆ “ಮಾತ್ರೆ ತಪ್ಪಿಸುದಿಲ್ಲ” ಎಂದೂ ಸೇರಿಸಿದ. ಅವರು ಒಪ್ಪಿ ನಿಲ್ಲಿಸಿದರು.

ವಕೀಲರು ಹೆದರಿಸಿದಂತೆಯೇ ವಿಚಾರಣೆ ಶುರುವಾಯಿತು. ಆಗಲಿ. ತನ್ನ ಕೇಸು ನಡೆಯುವಾಗ ನನ್ನ ತಮ್ಮ ತನ್ನ ಕಾಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ನ್ಯಾಯಾಧೀಶರು ಕೇಳಿದಾಗ ಹೇಳಿದ, “ಹೊಡೆದದ್ದು ನಾನೇ. ಅವನು ನನ್ನನ್ನು ಕೊಲ್ಲಲಿಕ್ಕೆ ಬಂದಿದ್ದಾನೆ ಅಂತ ಆಗ ನನಗೆ ಖಾತ್ರಿ ಇತ್ತು. ಅದು ಸುಳ್ಳು ಅಂತ ಈಗ ಗೊತ್ತು.” ಬುದ್ಧಿ ಸ್ಥಿಮಿತದಲ್ಲಿಲ್ಲದಾಗ ಮಾಡಿದ್ದೆಂದು ಕೋರ್ಟು ತೀರ್ಮಾನಿಸಿತು. ಮತ್ತಷ್ಟು ಕಾಲ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ನಾನು ಜವಾಬ್ದಾರಿ ಬರೆದುಕೊಟ್ಟ ಮೇಲೆ ನನ್ನ ಮನೆಗೆ ಕಳಿಸಿದರು.

ಕಣ್ಣು ಕಳೆದುಕೊಂಡವನನ್ನು ನೋಡಬೇಕೆಂದು ತಮ್ಮ ಹೇಳಿ ಕಳಿಸಿದ. ತನಗೆ ಅವನ ಮುಖ ನೋಡುವುದು ಬೇಡ ಎಂದು ಉತ್ತರ ಬಂತು. ಅದು ನ್ಯಾಯವೇ. ನಾವು ಮತ್ತೆ ಹೇಳಿ ಕಳಿಸಲಿಲ್ಲ.

ಹೋದ ವರ್ಷ ಮಾವನ ಮಗಳ ಮದುವೆಯಾಯಿತು. ನೀನೊಬ್ಬಳು ಬಂದರೆ ಸಾಕು ಎಂದು ಮಾವ ಫೋನ್ ಮಾಡಿದ್ದ. ನಾನು ತಮ್ಮನಿಗೆ ಹೊಸ ಅಂಗಿ ತಂದು, ಕರೆದುಕೊಂಡೇ ಹೋದೆ. ಹಾಲ್‌ನಲ್ಲಿ ದೂರದ ಸಂಬಂಧದ ಹೆಂಗಸೊಬ್ಬಳು ನನ್ನ ಕಿವಿಯ ಹತ್ತಿರ ಬಗ್ಗಿ, ಆದರೆ ಎಲ್ಲರಿಗೂ ಕೇಳುವಂತೆ, “ಕರೆಂಟ್ ಕೊಟ್ಟದ್ದು ಇವನಿಗೇ ಅಲ್ವಾ?” ಎಂದಳು.

“ಹೌದು, ಇವನಿಗೇ” ಎಂದೆ ನಾನು, ತಗ್ಗದ ದನಿಯಲ್ಲಿ. “ಒಪ್ಪಿ ಸಹಿ ಮಾಡಿದ್ದು ನಾನೇ. ಮತ್ತೆ ಅಂಥದೇ ಗತಿ ಬಂದ್ರೆ ಮತ್ತೆ ಮಾಡ್ತೇನೆ.”

ತಮ್ಮ ಅವಳಿಗೆ ಕೈಮುಗಿದು, ಆರಾಮಾ ಎಂದು ಕೇಳಿದ. ಅವಳು ಪಕ್ಕಕ್ಕೆ ಸರಿದಳು. ಎಲೆ ಹಾಕಿದ್ದರು. ಮಾವ ದೂರದಿಂದ ಹಿಂದಿನ ಸಾಲು ತೋರಿಸುತ್ತಿದ್ದ. ನಾವಿಬ್ಬರೂ ಮೊದಲ ಸಾಲಿಗೆ ಹೋಗಿ ಕುಳಿತೆವು.