ಬೆಳಗಲ್ಲಿನವಳ ಇಪ್ಪತ್ತನೆಯದು

ಸೇವೆ ಮಾಡುವವರು ತಾವು ಮಾಡಿದ್ದನ್ನು ಎಣಿಸಬಾರದು. ಎಣಿಸಿದ ಗಳಿಗೆಯಲ್ಲೇ ಸೇವೆಯ ಪಾವಿತ್ರ್ಯ ಹೊರಟುಹೋಗುತ್ತದೆ. ಆದವಾನಿಯಲ್ಲಿ ನಾನು ಕಲಿತ ನರ್ಸಿಂಗ್ ಶಾಲೆಯಲ್ಲಿ ಪ್ರತಿ ಸೋಮವಾರ ಬೆಳಗಿನ ಪ್ರಾರ್ಥನೆಯಲ್ಲಿ ಈ ಮಾತನ್ನು ಹೇಳುತ್ತಿದ್ದರು. ಪ್ರಾರ್ಥನೆ ಮುಗಿದ ಕೂಡಲೇ ಎಣಿಸುತ್ತಿದ್ದರು.

ಎಣಿಸುತ್ತಿದ್ದದ್ದು ಹೆರಿಗೆಗಳನ್ನು. ಒಬ್ಬೊಬ್ಬ ವಿದ್ಯಾರ್ಥಿನಿಗೂ ಕೆಂಪು ರಟ್ಟಿನದೊಂದು ಪುಸ್ತಕವಿತ್ತು. ಕೈಯಾರೆ ಮಾಡಿಸಿದ ಪ್ರತಿ ಹೆರಿಗೆಯನ್ನೂ ಅದರಲ್ಲಿ ಬರೆದು ಮೇಟ್ರನ್ ರುಜು ಪಡೆಯಬೇಕು. ಇಪ್ಪತ್ತಾದರೆ ಸರ್ಟಿಫಿಕೇಟು, ಹತ್ತೊಂಬತ್ತಾದರೆ ಇನ್ನೊಂದು ವರ್ಷ. ಇದರಿಂದ ನಮ್ಮ ಮಾತೇ ಕೆಟ್ಟುಹೋಗಿತ್ತು. ‘ನಾನು ಇಷ್ಟು ಹೆರಿಗೆ ಮಾಡಿಸಿದೆ’ ಎಂದು ಉದ್ದಕ್ಕೆ ಹೇಳುವ ಪುರುಸೊತ್ತು ಯಾರಿಗಿತ್ತು? “ನಿನಗ ಎಷ್ಟಾದವು?” “ನನಗ ಹದಿನೈದು.” “ನನಗ ನಿನ್ನೆ ಅವಳಿ ಆದವು, ಮೇಟ್ರನ್ ಒಂದೇ ಅಂತ ಬರದ್ರು.” ಮದುವೆಯಾಗದ ಹುಡುಗಿಯರು ಊಟಕ್ಕೆ ಕೂತು ಆಡುತ್ತಿದ್ದ ಮಾತಿದು. ಇದರಲ್ಲಿ ಏನಾದರೂ ವಿಚಿತ್ರವಿದೆಯೆಂದು ನಮಗೆ ಹೊಳೆದಿರಲಿಲ್ಲ.

ನನ್ನ ಪಕ್ಕದ ಮಂಚದವಳು ಬೆಳಗಲ್ಲಿನ ಕಡೆಯವಳು, ಕುರಿ ಸಾಕುವ ಮನೆಯ ಹುಡುಗಿ. ಮರಿ ಹಾಕಿಸಿ ಪಳಗಿದ ಕೈ. ಗಾಬರಿ ಎಂಬುದು ಆಕೆಯ ಹತ್ತಿರ ಸುಳಿಯುತ್ತಿರಲಿಲ್ಲ. ಆದರೆ ಆಕೆಯ ಡ್ಯೂಟಿ ಬಂತೆಂದರೆ ಆದವಾನಿಯ ಬಸುರಿಯರೆಲ್ಲ ಒಗ್ಗಟ್ಟಾಗಿ ತಡೆದುಕೊಳ್ಳುತ್ತಿದ್ದರು. ಹತ್ತೊಂಬತ್ತಕ್ಕೆ ಬಂದು ನಿಂತಿದ್ದಳು. ಪಾಸಾದವರ ಪಟ್ಟಿ ಸೋಮವಾರ ಮದರಾಸಿಗೆ ಹೋಗುವುದಿತ್ತು. ಈ ಸಲ ಪಾಸಾಗದಿದ್ದರೆ ಊರಿಗೆ ಬಂದುಬಿಡಬೇಕೆಂದು ಅಪ್ಪ ಹೇಳಿಕಳಿಸಿದ್ದ. “ಕುರಿ ಯಾವತ್ತೂ ಸರ್ಟಿಫಿಕೇಟ್ ಕೇಳಾಂಗಿಲ್ಲ” ಎಂದಿದ್ದನಂತೆ.

ಅದರ ಹಿಂದಿನ ಶನಿವಾರ ಹಳೆಯ ವಿದ್ಯಾರ್ಥಿನಿಯರ ಸಂಘದ ವಾರ್ಷಿಕ ಕೂಟ. ಸಂಘದ ಹೆಸರಿನಿಂದ ‘ಹಳೆಯ’ ಎಂಬುದನ್ನು ತೆಗೆಯಬೇಕೆಂದು ಪ್ರತಿ ವರ್ಷ ಒಂದು ಠರಾವು ಬಂದು, ಪ್ರತಿ ವರ್ಷ ಬಿದ್ದುಹೋಗುತ್ತಿತ್ತು. ಕಲಿತು ಹೋಗಿ ಹೆಸರು ಮಾಡಿದವರನ್ನು ನಾವು ಅವರವರ ಠಿಕಾಣಿಯಿಂದಲೇ ಗುರುತಿಸುತ್ತಿದ್ದೆವು. ಬಳ್ಳಾರಿ ಆಸ್ಪತ್ರೆಯಲ್ಲಿ ಹೆಡ್ ನರ್ಸಾಗಿದ್ದವರು ಬಳ್ಳಾರಿ ಅಕ್ಕ. ಅವರು ಪಿಸುಗುಟ್ಟಿದರೆ ಮೂರು ವಾರ್ಡಿಗೆ ಕೇಳುತ್ತಿತ್ತು. ಯುದ್ಧಕ್ಕೆಂದು ದಂಡಿನ ಆಸ್ಪತ್ರೆ ಸೇರಿ, ಭುಜದ ಮೇಲೆ ನಕ್ಷತ್ರ ಹಚ್ಚಿಸಿಕೊಂಡು ಬಂದವರು ದಂಡಿನ ಅಕ್ಕ. ಸಂಘದಲ್ಲೇ ದೊಡ್ಡ ಸಾಧನೆ ಅವರದೆಂದು ಆ ವರ್ಷ ಅವರಿಗೇ ಹಾರ.

ಕೂಟ ನಡೆದದ್ದು ಆಸ್ಪತ್ರೆಯ ಪಡಸಾಲೆಯಲ್ಲಿ. ಅದರ ಈ ತುದಿಯಲ್ಲಿ ಕೂತು ಬಂದ ರೋಗಿಗಳ ಹೆಸರು ಬರೆದುಕೊಳ್ಳುವುದು ಅಂದಿನ ನನ್ನ ಡ್ಯೂಟಿ. ಮಧ್ಯಾಹ್ನ ಮಾಧವರಂನಿಂದ ಒಬ್ಬ ಹೆಂಗಸು ದಿನ ತುಂಬಿದ ಮಗಳನ್ನು ಕರೆದುಕೊಂಡು ಬಂದಳು.

“ಇನ್ನ ಎಂಟು ದಿನ ಐತಂತರೀ” ಎಂದಳು ತಾಯಿ.

“ಮತ್ತ ರೈಲಿನಾಗ ಯಾಕ ಕುಲುಕಿಸಿಕೋತ ತಂದ್ರಿ?”

“ಆಕಿಗೆ ಒಂದಿಷ್ಟು ಗಾಳಿ ಬಡೀಲಿ ಅಂತ.”

ನಿಜವಾದ ಕಾರಣ ಆಮೇಲೆ ತಿಳಿಯಿತು. ಆಕೆಯ ಮಗ ಆದವಾನಿಯ ಹತ್ತಿ ಜಿನ್ನಿನಲ್ಲಿ ತೂಕ ಹಾಕುವ ಕೆಲಸದವನು. ಅವನಿಗೆ ನಮ್ಮ ಬೆಳಗಲ್ಲಿನವಳನ್ನು ತರುವ ಮಾತು ನಡೆದಿತ್ತು. ಹುಡುಗಿ ಹೇಗಿದ್ದಾಳೆಂದು ಕದ್ದು ನೋಡಿಹೋಗಲು ತಾಯಿ ಮಗಳ ಹೊಟ್ಟೆಯನ್ನು ನೆಪ ಮಾಡಿಕೊಂಡು ಬಂದಿದ್ದಳು.

ಅಷ್ಟರಲ್ಲಿ ಪಡಸಾಲೆಯ ಆ ತುದಿಯಿಂದ ಬಳ್ಳಾರಿ ಅಕ್ಕನ ಪಿಸುಮಾತು ಬಂತು.

“ಏ ಬೆಳಗಲ್ಲು, ನಿನಗ ಎಷ್ಟಾದವ?”

“ಹತ್ತೊಂಬತ್ತು, ಅಕ್ಕ.”

ಮಾಧವರಂ ತಾಯಿಯ ಬಾಯಲ್ಲಿದ್ದ ಎಲೆ ಅಡಿಕೆ ಅಲ್ಲೇ ನಿಂತಿತು.

“ಅಷ್ಟ? ನಿನ್ನ ವಯಸ್ಸಿನಾಗ ನನಗ ನಲವತ್ತಾಗಿದ್ದವು.”

“ಏನ್ ಮಾಡ್ಲಿ ಅಕ್ಕ, ಮೂರು ವಾರಾತು, ಒಂದೂ ಆಗವಲ್ದು. ಸೋಮವಾರದೊಳಗ ಇನ್ನೊಂದು ಆಗಲಿಲ್ಲಂದ್ರ ನಮ್ಮಪ್ಪ ಮನಿಗೆ ಒಯ್ತಾನ.”

ತಾಯಿ ನನ್ನ ಕಡೆ ಬಾಗಿದಳು. “ತಂಗಿ, ಆಕಿಗೆ ಮದುವಿ ಆಗೈತೇನು?”

“ಇಲ್ರೀ.”

“ಮತ್ತ ಹತ್ತೊಂಬತ್ತು?”

ಆಕೆಯ ತಪ್ಪು ಕಲ್ಪನೆ ನನಗೆ ಆ ಕ್ಷಣವೇ ತಿಳಿಯಿತು. ತಿದ್ದುವುದು ನನ್ನ ಕರ್ತವ್ಯವಾಗಿತ್ತು. “ಇಲ್ಲೆ ಇಪ್ಪತ್ತಾಗದ ಪಾಸ್ ಮಾಡಾಂಗಿಲ್ರೀ. ನನಗ ಇಪ್ಪತ್ಮೂರಾಗ್ಯಾವ” ಎಂದೆ.

ಆಗಲೇ ಯಾರೋ ದಂಡಿನ ಅಕ್ಕನನ್ನೂ ಕೇಳಿದರು. ಆಕೆ ನಕ್ಕು, “ನನಗ ಎಲ್ಲಿಯವು? ನಾಕು ವರ್ಷದಿಂದ ನನ್ನ ಸುತ್ತ ಬರೇ ಗಂಡಸ್ರು” ಎಂದರು.

“ಅಯ್ಯ ಪಾಪ,” ಎಂದಳು ಮಾಧವರಂ ತಾಯಿ, ಹಾರ ಹಾಕಿದ್ದ ಆ ಕೊರಳನ್ನು ಮರುಕದಿಂದ ನೋಡುತ್ತ. “ಅಷ್ಟು ಮಂದಿ ಇದ್ದೂ ಒಂದೂ ಇಲ್ಲ!” ಆಮೇಲೆ ಮಗಳ ರಟ್ಟೆ ಹಿಡಿದೆಬ್ಬಿಸಿದಳು. “ನಡಿ, ನಡಿ. ಈ ಜಾಗಾದಾಗ ಒಂದು ಗಳಿಗಿ ಬ್ಯಾಡ.”

ಮಗಳು ಎದ್ದಳು, ಕಂಬ ಹಿಡಿದುಕೊಂಡು ಮತ್ತೆ ಕೂತಳು. “ಅವ್ವಾ, ನೀರು.”

“ಮನಿಗೆ ಹೋಗಿ ಕುಡಿಯೂಣು, ಏಳು.”

“ಕುಡಿಯೂ ನೀರಲ್ಲವ್ವ.”

ನಾನು ಪುಸ್ತಕ ಬಿಸುಟು ಕೂಗಿದೆ: “ಬೆಳಗಲ್ಲೂ, ಇಪ್ಪತ್ತನೇದು!”

ಸಂಘಕ್ಕೆ ಸಂಘವೇ ಎದ್ದು ನಿಂತಿತು. ಬಳ್ಳಾರಿ ಅಕ್ಕ ಆಗಲೇ ಸೆರಗು ಸಿಕ್ಕಿಸಿ ಬಳೆ ಹಿಂದಕ್ಕೆ ಸರಿಸಿಯಾಗಿತ್ತು. ಮೇಟ್ರನ್ ಬಾಗಿಲಿಗೆ ಅಡ್ಡ ನಿಂತು, ಕೇಸು ಬೆಳಗಲ್ಲಿನವಳದು, ಹಳಬರು ಒಂದು ಬೆರಳು ತಾಗಿಸಿದರೂ ರುಜು ಹಾಕುವುದಿಲ್ಲವೆಂದರು. ನನ್ನನ್ನು ಬಿಸಿನೀರು ಕೊಡಲು ಒಳಗೆ ಬಿಟ್ಟರು. ಹೆಸರಾಂತ ಹಳೆಯ ವಿದ್ಯಾರ್ಥಿನಿಯರು ಕಿಟಕಿಯ ಹೊರಗೆ ಕೈ ಹಿಂದೆ ಕಟ್ಟಿಕೊಂಡು ಸಾಲಾಗಿ ನಿಂತರು. ಹೆರಿಗೆಯ ನೋವನ್ನು ನಾನು ಬಹಳ ಕಂಡಿದ್ದೇನೆ. ಅಂದು ಆ ಸಾಲಿನ ಮುಖಗಳ ಮೇಲಿದ್ದ ನೋವನ್ನು ಬೇರೆಲ್ಲೂ ಕಂಡಿಲ್ಲ.

ತಾಯಿ ಹೊರಗೆ ಹುಯ್ಯಲಿಡುತ್ತಿದ್ದಳು. “ನನ್ನ ಮಗಳ್ನ ಆಕಿ ಕೈಯಾಗ ಕೊಡ್ತೀರೇನು? ಹತ್ತೊಂಬತ್ತು ಹೆತ್ತಾಕಿ ಕೈಯಾಗ?” ಸ್ವಲ್ಪ ಹೊತ್ತು ಯೋಚಿಸಿ, ದನಿ ಇಳಿಸಿದಳು. “ಹೋಗ್ಲಿ, ಅನುಭವಾದ್ರೂ ಇರ್ತೈತಿ.”

“ಹೆತ್ತಾಕಿ?” ಎಂದರು ಬಳ್ಳಾರಿ ಅಕ್ಕ. ಆಮೇಲೆ ಆ ಸಾಲು ತುದಿಯಿಂದ ತುದಿಗೆ ನಕ್ಕ ನಗೆಗೆ ಬೇವಿನ ಮರದ ಕಾಗೆಗಳು ಎದ್ದವು. ನಗದಿದ್ದವರು ದಂಡಿನ ಅಕ್ಕ ಒಬ್ಬರೇ. ಅವರು ಬೆಳಗಲ್ಲಿನವಳ ಕೆಂಪು ಪುಸ್ತಕ ತರಿಸಿ, ತೆರೆದು ಒಬ್ಬೊಬ್ಬ ಬಾಣಂತಿಯ ಹೆಸರನ್ನೂ ಊರನ್ನೂ ಓದಿ ಹೇಳಿದರು.

“ಹಂಗಾರ ಇವು ಆಕಿ ಹೆತ್ತಾವಲ್ಲ?”

“ಹೆರಿಸಿದಾವು.”

ತಾಯಿ ಪುಟದ ಮೇಲೆ ಬೆರಳಿಟ್ಟು ಕೇಳಿದಳು. “ಎಷ್ಟು ಬದುಕ್ಯಾವು?”

“ಹತ್ತೊಂಬತ್ತೂ. ಹಡೆದವರೂ.”

ಆಕೆ ಎಲೆ ಅಡಿಕೆ ಉಗಿದು ಬಂದು ಸಾಲಿನ ಕೊನೆಯಲ್ಲಿ ತಾನೂ ಕೈ ಕಟ್ಟಿ ನಿಂತಳು.

ಒಳಗೆ ಮಗು ಅಡ್ಡ ತಿರುಗಿತ್ತು. ಬೆಳಗಲ್ಲಿನವಳು ಕುರಿಗೆ ಹೇಳುವಂತೆ ಮೆಲ್ಲಗೆ ಏನೋ ಹೇಳುತ್ತ, ಹೊಟ್ಟೆ ನೀವಿ ನೀವಿ ಅದನ್ನು ಸರಿದಾರಿಗೆ ತಂದಳು. ಆ ನೋವಿನಲ್ಲಿ ಮಾಧವರಂ ಹುಡುಗಿ, “ಅತ್ತಿಗೀ, ಕೈ ಬಿಡಬ್ಯಾಡ!” ಎಂದು ಚೀರಿದಳು. ಬಂದವರು ಯಾರೆಂಬುದು ನಮಗೆ ತಿಳಿದದ್ದು ಹಾಗೆ. ಬೆಳಗಲ್ಲಿನವಳ ಕಿವಿ ಕೆಂಪಾದವು. ಕೈ ಬಿಡಲಿಲ್ಲ.

ದೀಪ ಹಚ್ಚುವ ಮುಂಚೆ ಗಂಡು ಮಗುವಾಯಿತು. ಅದರ ಕಿರುಚಾಟ ಕೇಳಿ ಬಳ್ಳಾರಿ ಅಕ್ಕ, “ನಾನಾಗಿದ್ರ ಇನ್ನೂ ಲಗೂ ಆಗಿರ್ತಿತ್ತು” ಎಂದರು.

ಮದುವೆ ಮುಂದಿನ ಬೇಸಿಗೆಯಲ್ಲಿ ಆಯಿತು. ಸಂಘವೆಲ್ಲ ಊಟಕ್ಕೆ ಹೋಗಿತ್ತು. ಅದು ಬೇರೆ ವಿಷಯ. ಮೇಟ್ರನ್ ಆ ಸಂಜೆಯೇ ರುಜು ಹಾಕಿದರು. ಪಟ್ಟಿ ಸೋಮವಾರದ ಟಪಾಲಿನಲ್ಲಿ ಮದರಾಸಿಗೆ ಹೋಯಿತು. ಬೆಳಗಲ್ಲಿನವಳ ಹೆಸರಿನ ಮುಂದೆ ಇಪ್ಪತ್ತು ಎಂದು ಬರೆದಿತ್ತು.